ಕುರುವಪುರದ ದೋಣಿದಾರಿ

ಮಾಗನೂರಿನ ದಕ್ಷಿಣಕ್ಕೆ ಹರಿಯುವ ಕೃಷ್ಣೆ, ಭೀಮೆಯನ್ನು ಕೂಡಿಸಿಕೊಂಡು ರೈಲು ಸೇತುವೆಯನ್ನು ದಾಟಿದ ಮೇಲೆ ಬಂಡೆಗಳ ನಡುವೆ ಕವಲೊಡೆಯುತ್ತದೆ. ಆ ಕವಲುಗಳು ಬಳಸಿದ ನಡುಗಡ್ಡೆಗಳಲ್ಲಿ ಕುರುವಪುರ ಹೆಸರಾದದ್ದು; ಸುತ್ತಲಿನವರ ಬಾಯಲ್ಲಿ ಅದು ಕುರುಗಡ್ಡೆ. ಗಡ್ಡೆ ರಾಯಚೂರು ಜಿಲ್ಲೆಯದು, ಎದುರು ದಡದ ಪಂಚದೇವಪಹಾಡ ಮಕ್ತಲ್ ಕಡೆಯದು. ಹದಿನಾಲ್ಕನೆಯ ಶತಮಾನದಲ್ಲಿ ಶ್ರೀಪಾದ ಶ್ರೀವಲ್ಲಭರು ಇಲ್ಲಿ ನೆಲೆಸಿ, ಆಶ್ವಯುಜ ಬಹುಳ ದ್ವಾದಶಿಯಂದು ಕೃಷ್ಣೆಯಲ್ಲೇ ಅದೃಶ್ಯರಾದರೆಂಬುದು ದತ್ತ ಸಂಪ್ರದಾಯದ ನಂಬಿಕೆ.

ಈ ಹೊಳೆಯ ಮೇಲಿನ ವಿಹಾರವೊಂದು ಮರಾಠಿಯ 'ಗುರುಚರಿತ್ರೆ'ಯಲ್ಲಿದೆ. ಗುರುಗಳ ಸೇವೆ ಮಾಡುತ್ತಿದ್ದ ಅಗಸನೊಬ್ಬ, ಅಲಂಕರಿಸಿದ ದೋಣಿಯಲ್ಲಿ ಪರಿವಾರದೊಡನೆ ತೇಲುತ್ತಿದ್ದ ಮುಸಲ್ಮಾನ ಅರಸನನ್ನು ಕಂಡು ಮೈಮರೆಯುತ್ತಾನೆ. ಆ ಭೋಗ ನಿನಗೂ ಬರಲಿ ಎಂಬ ವರ ಸಿಕ್ಕು, ಮುಂದಿನ ಜನ್ಮದಲ್ಲಿ ಬೀದರಿನ ದೊರೆಯಾಗುತ್ತಾನೆ. ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ, ಬೀದರ್ ಅದರ ರಾಜಧಾನಿಯಾದದ್ದು ಹದಿನೈದನೆಯ ಶತಮಾನದಲ್ಲಿ. ಆದ್ದರಿಂದ ದೋಣಿಯಲ್ಲಿದ್ದ ಅರಸ ಯಾರೆಂದು ಹುಡುಕುವುದು ವ್ಯರ್ಥ. ಕಥೆ ಬರೆದವರು ತಮ್ಮ ಕಾಲದ ಸುಲ್ತಾನರ ವೈಭವವನ್ನು ಹಿಂದಕ್ಕೆ ಒಯ್ದಿರಬೇಕು.

ಸಾಮಾನ್ಯರ ಪಾಲಿಗಿದ್ದದ್ದು ಹರಿಗೋಲು. ಬಿದಿರಿನ ಸೀಳುಗಳಿಂದ ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸುತ್ತಿದ್ದರು. ತಳ ಚಪ್ಪಟೆ, ಆದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ಬಂಡೆ ತಾಗದೆ ಸಾಗುತ್ತದೆ. ಒಂದೇ ಹುಟ್ಟು ಸಾಕು, ನೀರು ಬತ್ತಿದಲ್ಲಿ ಹೊತ್ತು ನಡೆಯಬಹುದು. 1520ರ ಆಸುಪಾಸಿನಲ್ಲಿ ಆನೆಗೊಂದಿಯ ಬಳಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಂಡ ದುಂಡು ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು, ಕುದುರೆ ಎತ್ತುಗಳೂ ದಾಟುತ್ತಿದ್ದವು. ಅದೇ 1520ರಲ್ಲಿ, ರಾಯಚೂರು ಉಳಿಸಿಕೊಳ್ಳಲು ಕೃಷ್ಣೆ ದಾಟಿ ಬಂದ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯ ಕೃಷ್ಣದೇವರಾಯನಿಗೆ ಸೋತು ಹಿಂದೆ ಓಡುವಾಗ ಅನೇಕರು ಇದೇ ಹೊಳೆಯ ಪಾಲಾದರು.

1871ರಲ್ಲಿ ಮುಂಬಯಿ–ಮದ್ರಾಸು ರೈಲು ಹಳಿ ರಾಯಚೂರಿನಲ್ಲಿ ಕೂಡಿತು. ದೇವಸೂಗೂರಿನ ಬಳಿ ನಿಜಾಮರ ಕಾಲದಲ್ಲಿ ರಸ್ತೆ ಸೇತುವೆಯೂ ಬಂತು. ದೂರದ ಪ್ರಯಾಣಿಕರು ಕಡವು ಬಿಟ್ಟರು, ಗಡ್ಡೆಗೆ ಹೋಗುವವರು ಬಿಡಲಿಲ್ಲ. ದತ್ತ ಸಂಪ್ರದಾಯದ ಯತಿ ವಾಸುದೇವಾನಂದ ಸರಸ್ವತಿಯವರು (1854–1914) ಇಲ್ಲಿ ಚಾತುರ್ಮಾಸ್ಯಕ್ಕೆ ನಿಂತ ಮೇಲೆ ಮಹಾರಾಷ್ಟ್ರದ ಯಾತ್ರಿಕರು ಹೆಚ್ಚಿದರು. 1956ರಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಮಹಬೂಬನಗರಕ್ಕೆ ಸೇರಿ, ಹೊಳೆಯ ಎರಡು ದಡ ಎರಡು ರಾಜ್ಯಗಳಿಗೆ ಹಂಚಿಹೋದರೂ ಯಾತ್ರೆ ತಪ್ಪಲಿಲ್ಲ.

ಕೆಳಗಡೆ ಜುರಾಲ ಅಣೆಕಟ್ಟು ಎದ್ದಾಗ ಹಿನ್ನೀರು ಹಿಂದಕ್ಕೆ ಹರಡಿತು. ಹರಿಗೋಲಿಗೆ ಹೊದಿಸುತ್ತಿದ್ದ ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂದಿವೆ. ಮಳೆಗಾಲದಲ್ಲಿ ಮೇಲಿನ ನಾರಾಯಣಪುರ ಜಲಾಶಯದ ಗೇಟು ತೆರೆದರೆ ದೋಣಿ ನಿಲ್ಲುತ್ತದೆ. ನೆರೆ ಇಳಿಯುವ ತನಕ ಗಡ್ಡೆಯವರು ಗಡ್ಡೆಯಲ್ಲೇ, ಯಾತ್ರಿಕರು ದಡದಲ್ಲೇ.