ಖೈತಾನಿನ ಅಡುಗೆಮನೆ, ಕುವೈತಿನ ಋತುಗಳು

ನೆರೆಯ ನೆಲದಲ್ಲಿ ಬೆಳೆದದ್ದು, ಋತುಮಾನಕ್ಕೆ ಒದಗಿದ್ದು: ನಮ್ಮ ಊರುಗಳಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ. ಕುವೈತಿನಲ್ಲಿ ಹಾಗಲ್ಲ. ವರ್ಷದ ಸರಾಸರಿ ಮಳೆ 120 ಮಿಲಿಮೀಟರಿನ ಆಸುಪಾಸು, ನದಿಯಿಲ್ಲ, ಅಂತರ್ಜಲ ಬಹುಪಾಲು ಉಪ್ಪು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ದಕ್ಷಿಣದ ವಫ್ರಾ, ಉತ್ತರದ ಅಬ್ದಲಿ ಇಲ್ಲಿಯ ಮುಖ್ಯ ಕೃಷಿಪ್ರದೇಶಗಳು. ಕಡುಬೇಸಗೆಯಲ್ಲಿ ತಂಪುಗೊಳಿಸಿದ ಹಸಿರುಮನೆಯ ಸೌತೆ ಸ್ಥಳೀಯವೇನೋ ಹೌದು, ಋತುಮಾನದ್ದಲ್ಲ.

ತರಕಾರಿಯ ನಿಜವಾದ ಸುಗ್ಗಿ ಚಳಿಗಾಲ. ಟೊಮೆಟೊ, ಬದನೆ, ಹೂಕೋಸು, ಸೊಪ್ಪುಗಳು ಆಗ ಹೇರಳ. ಆದರೆ ಖೈತಾನಿನ ಕನ್ನಡಿಗರ ಮನೆಗಳು ಹುಡುಕುವ ನುಗ್ಗೆ, ಬಸಳೆ, ಕುಚ್ಚಲಕ್ಕಿ, ತೆಂಗಿನಕಾಯಿ ಸಾಮಾನ್ಯವಾಗಿ ಹೊರದೇಶದಿಂದ ಬರತಕ್ಕವು. ಹುಳಿಗೆ ವಫ್ರಾದ ಬದನೆ ಸಾಕು. ಅರೆಯುವ ಕಾಯಿಗೆ ಮಾತ್ರ ಬದಲಿಯಿಲ್ಲ.

ಬೇಸಗೆಯ ಸ್ವಂತ ಫಲವೆಂದರೆ ಖರ್ಜೂರ. ಗರಿಗರಿಯಾದ ಖಲಾಲ್, ಮೆತ್ತನೆಯ ರುತಬ್, ಒಣಗಿದ ತಮ್ರ್ ಎಂಬ ಹಂತಗಳಲ್ಲಿ ಅದು ಮಾರುಕಟ್ಟೆಗೆ ಬರುತ್ತದೆ. ವೈದ್ಯನಾಗಿ ನನಗೆ ಆತಂಕ ಹುಟ್ಟಿಸುವುದು ಇದೇ: ನೆಲದ ಹಣ್ಣು, ಸಹಜ ಸಿಹಿ, ಆದ್ದರಿಂದ ನಿರಪಾಯ ಎಂಬ ನಂಬಿಕೆ. ತಮ್ರ್‌ನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಮಧುಮೇಹಿಗಳು ಎಣಿಸಿ ತಿನ್ನಬೇಕು. ಮೂತ್ರಪಿಂಡ ಸೋತವರು ಅದರ ಪೊಟ್ಯಾಸಿಯಮ್ಮನ್ನೂ ಲೆಕ್ಕಕ್ಕೆ ಹಿಡಿದು, ತಮ್ಮ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಸ್ಥಳೀಯವಲ್ಲವೆಂದು ಬೇಸಗೆಯಲ್ಲಿ ಸೊಪ್ಪು ಬಿಡುವುದು ಸಲ್ಲದು. ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಸೇರಿ, ಪಾಳಿ ಮುಗಿಸಿ ಬಂದು ಅನ್ನ ಬೇಯಿಸುವ ಕಾರ್ಮಿಕರಿಗಂತೂ ಹೊರಗಿನಿಂದ ಬಂದ ಶೈತ್ಯೀಕರಿಸಿದ ಪಾಲಕ್ ಕೂಡ ಒಳ್ಳೆಯ ಆಹಾರವೇ.