ಮಿಸ್ಸಿಂಗ್ ಹೊಡೆಯೋ ಎಂಜಿನ್ ಮತ್ತು ಮಿಸ್ ಶಿಲ್ಲಿಂಗ್

ಗಾಡಿ ಮಿಸ್ಸಿಂಗ್ ಹೊಡೀತಿದೆ ಅಂತ ಹೋದರೆ ನಮ್ಮೂರ ಮೆಕ್ಯಾನಿಕ್ ಹತ್ರ ಒಂದೇ ಉತ್ತರ ಇರ್ತಿತ್ತು: "ಕಾರ್ಬೊರೇಟರಲ್ಲಿ ಕಸ ಕೂತಿದೆ, ಬಿಚ್ಚಿ ಕ್ಲೀನ್ ಮಾಡ್ಬೇಕು." ಹತ್ತರಲ್ಲಿ ಐದು ಸಲ ತಪ್ಪು ಬೇರೆ ಕಡೆ ಇರ್ತಿತ್ತು. ಆದರೂ ಬಿಚ್ಚಿದ್ದು ಕಾರ್ಬೊರೇಟರನ್ನೇ. ಸಾಫ್ಟ್‌ವೇರಲ್ಲಿ ಏನೇ ಕೆಟ್ಟರೂ ಮೊದಲು ಸರ್ವರ್ ರೀಸ್ಟಾರ್ಟ್ ಮಾಡ್ತೀವಲ್ಲ, ಹಾಗೆ.

ಕಾರ್ಬೊರೇಟರ್ ಮಾಡೋ ಕೆಲಸ ಹೇಳೋಕೆ ಸುಲಭ. ತೂಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡೋದು. ಪೆಟ್ರೋಲ್ ಕಮ್ಮಿಯಾದರೆ ಮಿಶ್ರಣ ಲೀನ್, ಜಾಸ್ತಿಯಾದರೆ ರಿಚ್. ತೊಂದರೆ ಏನಂದ್ರೆ ಎರಡರಲ್ಲೂ ಎಂಜಿನ್ ತಡವರಿಸುತ್ತೆ. ಹಸಿದವನೂ ತೂರಾಡ್ತಾನೆ, ಕುಡಿದವನೂ ತೂರಾಡ್ತಾನೆ. ದೂರದಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗಲ್ಲ.

ಇದನ್ನು ಬೆರಳಿನಿಂದಲೇ ಕಂಡುಹಿಡಿಯೋ ಹಾಗೆ ಮಾಡಿದ ಕಾರ್ಬೊರೇಟರಿನ ಹುಟ್ಟಿನ ಹಿಂದೆ ಚಪ್ಪಲಿ ಅಂಗಡಿ ಇದೆ. ಲಂಡನ್ನಿನ ಲಿಲ್ಲಿ ಅಂಡ್ ಸ್ಕಿನ್ನರ್ ಅನ್ನೋ ಪಾದರಕ್ಷೆ ವ್ಯಾಪಾರದ ಮನೆತನದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್‌ಗೆ ಮೋಟಾರು ಹುಚ್ಚು. 1904ರಲ್ಲಿ ಆತ ಪೇಟೆಂಟ್‌ಗೆ ಅರ್ಜಿ ಹಾಕಿದ. ಒಳಗೆ ಗಾಳಿಯ ಎಳೆತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗೋಕೆ ಆತ ಇಟ್ಟಿದ್ದು ಚರ್ಮದ ತಿದಿ! ಕುಲುಮೆಯಲ್ಲಿ ಇರುತ್ತಲ್ಲ, ಅದರ ಪುಟ್ಟ ತಮ್ಮ. 1910ರಲ್ಲಿ ತಮ್ಮ ಕಾರ್ಲ್ ಜೊತೆ ಸೇರಿ ಕಂಪನಿ ಆಯ್ತು. ಸ್ಕಿನ್ನರ್ಸ್ ಯೂನಿಯನ್, ಚುಟುಕಾಗಿ ಎಸ್‌ಯು. ಆಮೇಲೆ ಚರ್ಮ ಹೋಗಿ ಲೋಹದ ಪಿಸ್ಟನ್ ಬಂತು. 1926ರಲ್ಲಿ ವಿಲಿಯಂ ಮೋರಿಸ್ ಕಂಪನಿಯನ್ನೇ ಕೊಂಡುಕೊಂಡ. ನಮ್ಮ ಅಂಬಾಸಿಡರ್ ಆಗಿ ಬಂದ ಆಕ್ಸ್‌ಫರ್ಡ್ ಕಾರು ಇದೇ ಮೋರಿಸ್ ಮನೆಯದು.

1961ರ ಜಾಗ್ವಾರ್ ಇ-ಟೈಪ್‌ಗೆ ಮೂರು ಎಸ್‌ಯು, 1962ರ ಎಂಜಿಬಿಗೆ ಎರಡು. ಎಂಜಿಬಿ ಐಡಲಿಂಗ್‌ನಲ್ಲಿ ನಡುಗ್ತಿದ್ರೆ ಪಳಗಿದ ಕೈಗಳು ಮೊದಲು ಕಾರ್ಬೊರೇಟರ್ ಮುಟ್ಟಲ್ಲ. ಮೊದಲು ವಾಲ್ವ್ ಕ್ಲಿಯರೆನ್ಸ್, ಪಾಯಿಂಟ್ ಗ್ಯಾಪ್, ಕಂಡೆನ್ಸರ್, ಟೈಮಿಂಗ್ ನೋಡ್ತಾರೆ. ಬಿಸಿಯಾದ ಮೇಲೆ ಮಾತ್ರ ಕೈಕೊಡೋ ಕಂಡೆನ್ಸರ್ ಎಷ್ಟು ಕಾರ್ಬೊರೇಟರ್‌ಗಳ ಹೆಸರು ಕೆಡಿಸಿದೆಯೋ! ಆಮೇಲೆ ಎಲ್ಲಾದರೂ ಕಳ್ಳಗಾಳಿ ಒಳಗೆ ನುಗ್ತಿದೆಯಾ ಅಂತ ನೋಡೋದು. ಎಸ್‌ಯುನಲ್ಲಿ ಥ್ರಾಟಲ್ ಸ್ಪಿಂಡಲ್ ಸವೆದು ಅದರ ಪಕ್ಕದಿಂದಲೇ ಗಾಳಿ ಎಳೆಯೋದು ಹಳೇ ಕಾಯಿಲೆ. ಎರಡು ಕಾರ್ಬೊರೇಟರ್ ಇದ್ದರೆ ಒಂದು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ. ಎರಡರ "ಹಿಸ್" ಒಂದೇ ಥರ ಕೇಳೋವರೆಗೆ ಸ್ಕ್ರೂ ತಿರುಗಿಸಬೇಕು.

ಕೊನೆಗೆ ಆ ಬೆರಳಿನ ಪರೀಕ್ಷೆ. ಪಕ್ಕದಲ್ಲೊಂದು ಸಣ್ಣ ಪಿನ್ ಇದೆ. ಅದನ್ನು ಒತ್ತಿ ಪಿಸ್ಟನ್ನನ್ನ ಒಂದು ಮಿಲಿಮೀಟರಿಗಿಂತ ಕಮ್ಮಿ ಎತ್ತಬೇಕು. ಆಗ ಒಳಗೆ ಹೆಚ್ಚು ಗಾಳಿ ಹೋಗುತ್ತೆ. ಎಂಜಿನ್ ವೇಗ ಏರಿ ಹಾಗೇ ಉಳಿದರೆ ಮಿಶ್ರಣ ರಿಚ್ ಇತ್ತು. ಸತ್ತುಹೋಗೋ ಹಾಗಾದರೆ ಲೀನ್ ಇತ್ತು. ಕ್ಷಣಹೊತ್ತು ಚೂರು ಏರಿ ಇಳಿದರೆ ಸರಿ ಇದೆ. ನನಗೆ ಗೊತ್ತಿರೋ ಅತಿ ಚಂದದ ಡಯಾಗ್ನಾಸ್ಟಿಕ್ ಪೋರ್ಟ್ ಇದು.

ಆದರೆ ಆಕಾಶದಲ್ಲಿ ಪಿನ್ ಎತ್ತಿ ನೋಡೋಕೆ ಆಗಲ್ಲವಲ್ಲ. 1940ರಲ್ಲಿ ಬ್ರಿಟನ್ ಮೇಲೆ ಜರ್ಮನ್ ವಿಮಾನಗಳು ಬಂದಾಗ ಎದುರು ನಿಂತ ಸ್ಪಿಟ್‌ಫೈರ್, ಹರಿಕೇನ್‌ಗಳ ಮರ್ಲಿನ್ ಎಂಜಿನ್‌ಗೂ ಇದ್ದದ್ದು ಎಸ್‌ಯು ಕಾರ್ಬೊರೇಟರೇ, ಫ್ಲೋಟ್ ಇರೋ ಬೇರೆ ಮಾದರಿಯದ್ದು. ಮೆಸ್ಸರ್‌ಶ್ಮಿಟ್ 109ರಲ್ಲಿ ಫ್ಯುಯೆಲ್ ಇಂಜೆಕ್ಷನ್ ಇತ್ತು. ಅದರ ಪೈಲಟ್ ಸಟಕ್ಕನೆ ಮೂಗು ತಗ್ಗಿಸಿ ಕೆಳಗೆ ಧುಮುಕಿದರೆ ಆಯ್ತು. ಹಿಂದೆ ಬಿದ್ದ ಸ್ಪಿಟ್‌ಫೈರ್ ಹಾಗೇ ಮಾಡಿದರೆ ಎಂಜಿನ್ ಕೆಮ್ಮಿ ನಿಂತುಬಿಡೋದು. ಅದಕ್ಕೆ ಬ್ರಿಟಿಷ್ ಪೈಲಟ್‌ಗಳು ವಿಮಾನವನ್ನ ಅರ್ಧ ಮಗುಚಿ ಆಮೇಲೆ ಧುಮುಕೋರು. ಅಷ್ಟರಲ್ಲಿ ಮುಂದಿದ್ದವನು ಪರಾರಿ. ಹಿಂದೆ ಶತ್ರು ಇದ್ದಾಗ ಎಂಜಿನ್ ನಿಂತರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಪೆಟ್ರೋಲ್ ಸಿಗದೇ ನಿಂತಿತು ಅನ್ನಿಸೋದು ಸಹಜ. ಅದು ಅರ್ಧ ಸತ್ಯ. ಮೂಗು ತಗ್ಗಿದ ತಕ್ಷಣ ಪೆಟ್ರೋಲ್ ಫ್ಲೋಟ್ ಚೇಂಬರಿನ ಮೇಲ್ಭಾಗಕ್ಕೆ ಹಾರುತ್ತೆ. ಕೆಳಗಿನ ಜೆಟ್ ಬರಿದಾಗಿ ಎಂಜಿನ್ ಒಮ್ಮೆ ಕೆಮ್ಮುತ್ತೆ. ಇದು ಲೀನ್. ಆದರೆ ಪೆಟ್ರೋಲ್ ಮೇಲೆ ಹೋದಾಗ ಫ್ಲೋಟ್ ಕೆಳಗೆ ಬರುತ್ತೆ. ಫ್ಲೋಟ್ ಕೆಳಗಿದೆ ಅಂದ್ರೆ ಚೇಂಬರ್ ಖಾಲಿ ಅಂತ ಅರ್ಥ, ವಾಲ್ವ್ ಪೂರ್ತಿ ತೆರೆದುಕೊಳ್ಳುತ್ತೆ. ಪಂಪು ಎಂಜಿನ್‌ಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಪೆಟ್ರೋಲ್ ನೂಕುತ್ತೆ. ಎಂಜಿನ್ ನಿಜವಾಗಿ ಸಾಯ್ತಿದ್ದದ್ದು ಈ ಎರಡನೇ ಏಟಿಗೆ. ಅದು ರಿಚ್. ಒಂದೆರಡು ಸೆಕೆಂಡಿನೊಳಗೆ ಒಂದರ ಹಿಂದೊಂದು, ತದ್ವಿರುದ್ಧ ಕಾಯಿಲೆಗಳು!

ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಇದಕ್ಕೆ ಕೊಟ್ಟ ಮದ್ದು ಒಂದು ತೂತಿರೋ ಲೋಹದ ಬಿಲ್ಲೆ. ಪೂರ್ತಿ ಶಕ್ತಿಯಲ್ಲಿ ಓಡುವಾಗ ಎಂಜಿನ್‌ಗೆ ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಹರಿಯೋ ಲೆಕ್ಕದ ತೂತು. ಮೊದಲ ಕೆಮ್ಮು ಉಳೀತು, ಆದರೆ ಪೆಟ್ರೋಲಿನ ಪ್ರವಾಹ ನಿಂತಿತು. ವಿಮಾನವನ್ನ ಕೆಲಸದಿಂದ ಇಳಿಸದೇ ಪೆಟ್ರೋಲ್ ಲೈನಿಗೆ ಕೂರಿಸಬಹುದಿತ್ತು. 1941ರ ಆರಂಭದಲ್ಲಿ ಆಕೆಯೇ ಸಣ್ಣ ತಂಡ ಕಟ್ಟಿಕೊಂಡು ವಿಮಾನನೆಲೆಗಳನ್ನ ಸುತ್ತಿದರು. ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ನಾರ್ಟನ್ ಬೈಕನ್ನ ಗಂಟೆಗೆ 100 ಮೈಲಿ ದಾಟಿಸಿದ್ದ ಹೆಂಗಸು ಆಕೆ. ಆ ಬಿಲ್ಲೆಗೆ ಸೈನಿಕರು "ಮಿಸ್ ಶಿಲ್ಲಿಂಗ್ ತೂತು" ಅಂತ ಪೋಲಿ ಹೆಸರಿಟ್ಟರು. ಅಂಥ ಇಂಜಿನಿಯರ್‌ಗೆ ಸಿಕ್ಕ ಬಿರುದು ಅದಾ ಅಂತ ನನಗೆ ಸಿಟ್ಟು ಬರುತ್ತೆ.

ಈಗ ಬ್ರಿಟನ್ನಿನ ಬಂಕುಗಳಲ್ಲಿ 10 ಪರ್ಸೆಂಟ್, ನಮ್ಮಲ್ಲಿ 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಒಳಗೇ ಆಮ್ಲಜನಕ ಇರೋದರಿಂದ ಹಳೇ ಸೆಟ್ಟಿಂಗ್‌ನಲ್ಲಿ ಮಿಶ್ರಣ ಲೀನ್ ಕಡೆ ವಾಲುತ್ತೆ. ಹಳೇ ರಬ್ಬರ್ ಪೈಪು, ಸೀಲುಗಳನ್ನೂ ಅದು ಕೆಡಿಸುತ್ತೆ, ಅವನ್ನ ಬದಲಾಯಿಸಲೇಬೇಕು. ಮಿಶ್ರಣಕ್ಕೆ ಮಾತ್ರ ಅದೇ ಹಳೇ ಪಿನ್: ಎತ್ತಿ ನೋಡಿ, ಎಂಜಿನ್ ಸಾಯೋ ಹಾಗಾದರೆ ಎಸ್‌ಯು ಅಡಿಯ ಆರುಮುಖದ ನಟ್ಟನ್ನ ಒಂದು ಮುಖದಷ್ಟು ಕೆಳಗಿಳಿಸಿ, ಮತ್ತೆ ಎತ್ತಿ ನೋಡಿ.