ಕಲ್ಲಿನ ಧೂಳು ಮತ್ತು ಮೈಯೊಳಗಿನ ಕೂಗು

ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳ ಸುದ್ದಿ ಬರೆಯುವಾಗ ನಾವೆಲ್ಲ ‘ಧೂಳು ಕುಡಿದು ಶ್ವಾಸಕೋಶ ಹಾಳಾಯಿತು’ ಎನ್ನುತ್ತೇವೆ. ಮಾತು ನಿಜ. ಆದರೆ ಧೂಳು ಶ್ವಾಸಕೋಶವನ್ನು ಹಾಳುಮಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ನಾಲ್ಕು ಶತಮಾನಗಳೇ ಬೇಕಾದವು. ಆ ಉತ್ತರದಲ್ಲಿ ಕಾರ್ಮಿಕರಿಗೆ ಬೇಕಾದ ಒಂದು ಪಾಠವೂ ಇದೆ.

1556ರಲ್ಲಿ ಪ್ರಕಟವಾದ ಗಣಿಗಾರಿಕೆಯ ಪುಸ್ತಕದಲ್ಲಿ ಜರ್ಮನಿಯ ಅಗ್ರಿಕೋಲ ಒಂದು ಸಂಗತಿ ಬರೆದಿದ್ದ. ಕಾರ್ಪೇಥಿಯನ್ ಬೆಟ್ಟಗಳ ಗಣಿಗಳ ಬಳಿ ಏಳೇಳು ಗಂಡಂದಿರನ್ನು ಮದುವೆಯಾದ ಹೆಂಗಸರಿದ್ದರಂತೆ. ಆ ಗಂಡಂದಿರೆಲ್ಲ ಎದೆ ಸವೆದು ಸತ್ತವರು. ಗಣಿಯವರು ಮುಖಕ್ಕೆ ಸಡಿಲ ಬಟ್ಟೆ ಕಟ್ಟಿಕೊಳ್ಳುವ ವಿಚಾರವನ್ನೂ ಅವನು ದಾಖಲಿಸಿದ. 1700ರಲ್ಲಿ ಇಟಲಿಯ ವೈದ್ಯ ರಮಝೀನಿ, ಸತ್ತ ಕಲ್ಲುಕುಟಿಗರ ಶ್ವಾಸಕೋಶದಲ್ಲಿ ಮರಳು ಸಿಕ್ಕಿದ್ದನ್ನು ಬರೆದ. 1870ರ ಹೊತ್ತಿಗೆ ಇಟಲಿಯಲ್ಲೇ ಈ ಕಾಯಿಲೆಗೆ ‘ಸಿಲಿಕೋಸಿಸ್’ ಎಂಬ ಹೆಸರು ಬಂತು. ಬೆಣಚುಕಲ್ಲಿನಲ್ಲಿರುವ ಸಿಲಿಕಾದಿಂದ ಬರುವ ರೋಗ ಎಂಬುದು ಅದರ ಅರ್ಥ.

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಜಾಗವಿದೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ ಎಂದು ವೈದ್ಯಕೀಯ ಪಠ್ಯಪುಸ್ತಕಗಳು ಹೇಳುತ್ತವೆ. ಅಲ್ಲಿ ಚಿನ್ನ ಇದ್ದದ್ದೇ ಬೆಣಚುಕಲ್ಲಿನ ಎಳೆಗಳಲ್ಲಿ. ಚಿನ್ನ ಬೇಕಾದರೆ ಆ ಕಲ್ಲನ್ನು ಕೊರೆಯಲೇಬೇಕಿತ್ತು.

ಚೂಪಾದ ಕಲ್ಲಿನ ಕಣಗಳು ಶ್ವಾಸಕೋಶವನ್ನು ಗೀರಿ ಗಾಯ ಮಾಡುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಈ ನಂಬಿಕೆ ಅಲುಗಾಡಿದ್ದು 1960ರ ದಶಕದಲ್ಲಿ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಿವೆ. ಒಳಬಂದ ಕಸವನ್ನು, ರೋಗಾಣುವನ್ನು ನುಂಗಿ ಅರಗಿಸುವುದು ಅವುಗಳ ಕೆಲಸ. 1967ರಲ್ಲಿ ಬ್ರಿಟನ್ನಿನ ಹೆಪಲ್‌ಸ್ಟನ್ ಮತ್ತು ಸ್ಟೈಲ್ಸ್ ಈ ಕೋಶಗಳಿಗೆ ಸಿಲಿಕಾ ತಿನ್ನಿಸಿ, ಅವುಗಳಿಂದ ಬಂದ ರಸವನ್ನು ನಾರು ನೇಯುವ ಬೇರೆ ಕೋಶಗಳಿಗೆ ಹಾಕಿದರು. ಆ ಕೋಶಗಳು ಹೆಚ್ಚು ನಾರು ನೇಯ್ದವು. ಹಾಗಾದರೆ ನಾರು ಬೆಳೆಯಲು ಕಲ್ಲು ನೇರವಾಗಿ ತಾಕಲೇಬೇಕೆಂದಿಲ್ಲ. ಕಲ್ಲು ನುಂಗಿದ ಕೋಶ ಯಾವುದೋ ಸಂದೇಶ ಕಳಿಸುತ್ತಿದೆ.

ಅಂಥ ಸಂದೇಶಗಳಲ್ಲಿ ಒಂದು ಸಿಕ್ಕಿದ್ದು ಬೇರೆ ದಾರಿಯಲ್ಲಿ. 1975ರಲ್ಲಿ ನ್ಯೂಯಾರ್ಕಿನ ಲಾಯ್ಡ್ ಓಲ್ಡ್ ಅವರ ತಂಡ, ಇಲಿಗಳ ರಕ್ತದಲ್ಲಿ ಗೆಡ್ಡೆಗಳನ್ನು ಕೊಲ್ಲುವ ವಸ್ತುವೊಂದನ್ನು ಗುರುತಿಸಿ ‘ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್’ ಎಂದು ಕರೆಯಿತು. ಚಿಕ್ಕದಾಗಿ ಟಿಎನ್‌ಎಫ್. ಸೋಂಕು ತಗುಲಿದ ಪ್ರಾಣಿಗಳು ಯಾಕೆ ಸೊರಗುತ್ತವೆ ಎಂದು ಹುಡುಕುತ್ತಿದ್ದ ಬಾಯ್ಟ್ಲರ್ ಮತ್ತು ಸೆರಾಮಿ 1985ರಲ್ಲಿ ಕಂಡುಕೊಂಡ ಪ್ರೋಟೀನು ಕೂಡ ಇದೇ ಎಂದು ತಿಳಿಯಿತು. ಮ್ಯಾಕ್ರೋಫೇಜ್‌ಗಳು ಅಪಾಯ ಕಂಡಾಗ ಹೊರಡಿಸುವ ಕೂಗು ಇದು: ‘ಇಲ್ಲಿ ತೊಂದರೆಯಿದೆ, ಎಲ್ಲರೂ ಬನ್ನಿ.’ ಕೂಗು ಕೇಳಿ ಉಳಿದ ಕೋಶಗಳು ಓಡಿ ಬರುತ್ತವೆ, ಊತ ಬರುತ್ತದೆ.

1990ರಲ್ಲಿ ಜಿನೀವಾದ ಪಿಗೆ ಮತ್ತು ಸಂಗಡಿಗರು ಎರಡೂ ಎಳೆಗಳನ್ನು ಸೇರಿಸಿದರು. ಇಲಿಗಳ ಶ್ವಾಸಕೋಶಕ್ಕೆ ಸಿಲಿಕಾ ಹಾಕಿದಾಗ ಅಲ್ಲಿ ಟಿಎನ್‌ಎಫ್ ಏರಿತು, ಗಂಟುಗಳೂ ನಾರೂ ಬೆಳೆದವು. ಟಿಎನ್‌ಎಫ್ ಅನ್ನು ತಡೆಯುವ ಪ್ರತಿಕಾಯ ಕೊಟ್ಟ ಇಲಿಗಳಲ್ಲಿ ಅದೇ ಧೂಳಿದ್ದರೂ ನಾರು ಬಹುಮಟ್ಟಿಗೆ ಬೆಳೆಯಲಿಲ್ಲ. 2008ರಲ್ಲಿ ಇನ್ನೊಂದು ತುಣುಕು ಸಿಕ್ಕಿತು. ನುಂಗಿದ ಸಿಲಿಕಾ ಹರಳು ಕೋಶದೊಳಗಿನ ಜೀರ್ಣಚೀಲವನ್ನೇ ಒಡೆಯುತ್ತದೆ; ಅದರಿಂದ ಇಂಟರ್‌ಲ್ಯೂಕಿನ್-1 ಎಂಬ ಮತ್ತೊಂದು ಕೂಗು ಏಳುತ್ತದೆ.

ರೋಗಾಣುವಾದರೆ ಅರಗುತ್ತದೆ, ಕೂಗು ನಿಲ್ಲುತ್ತದೆ. ಕಲ್ಲು ಅರಗುವುದಿಲ್ಲ. ನುಂಗಿದ ಕೋಶ ಸಾಯುತ್ತದೆ, ಹರಳು ಹೊರಬೀಳುತ್ತದೆ, ಇನ್ನೊಂದು ಕೋಶ ಅದನ್ನು ನುಂಗುತ್ತದೆ, ಮತ್ತೆ ಕೂಗು. ಈ ಸುತ್ತು ಮುಗಿಯದೆ ಗಂಟಿನ ಮೇಲೆ ಗಂಟು ಕಟ್ಟುತ್ತದೆ. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಉಬ್ಬಸ ಹೆಚ್ಚುತ್ತಲೇ ಹೋಗಬಹುದು. ಕ್ವಾರಿಗೆ ಹೋಗುವುದು ಬಿಟ್ಟಾಯಿತಲ್ಲ, ಈಗೇಕೆ ಕಾಯಿಲೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಹಾಗಾದರೆ ಟಿಎನ್‌ಎಫ್‌ನ ಬಾಯಿ ಮುಚ್ಚಿಸಿದರೆ ಸಾಕಲ್ಲವೇ? ಅಂಥ ಔಷಧಿ ಇದೆ. ಕರುಳಿನ ಉರಿಯೂತಕ್ಕೆಂದು ಇನ್‌ಫ್ಲಿಕ್ಸಿಮ್ಯಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಕೀಲುವಾತಕ್ಕೂ ಬಳಕೆಗೆ ಬಂತು. ಆದರೆ 2001ರಲ್ಲಿ ಅದನ್ನು ಪಡೆದ 70 ಜನರಲ್ಲಿ ಕ್ಷಯ ಕಾಣಿಸಿಕೊಂಡದ್ದು ವರದಿಯಾಯಿತು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಶ್ವಾಸಕೋಶದ ಆಚೆಗೂ ಹಬ್ಬಿತ್ತು. ಮೈಯೊಳಗೆ ಮಲಗಿರುವ ಕ್ಷಯದ ರೋಗಾಣುವಿನ ಸುತ್ತ ಗೋಡೆ ಕಟ್ಟಿ ಕಾಯುವುದಕ್ಕೂ ಇದೇ ಟಿಎನ್‌ಎಫ್ ಬೇಕು. ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಅಪಾಯ ಮೊದಲೇ ಹೆಚ್ಚು. ಅವರ ಕಾವಲುಗಾರನನ್ನು ಕಟ್ಟಿಹಾಕುವುದು ಸುಲಭದ ಚಿಕಿತ್ಸೆಯಲ್ಲ.

ಹಾಗಾಗಿ ಗಟ್ಟಿಯಾದ ಶ್ವಾಸಕೋಶವನ್ನು ಮತ್ತೆ ಮೊದಲಿನಂತೆ ಮಾಡುವ ಔಷಧಿ ಇನ್ನೂ ಇಲ್ಲ. ಧೂಳು ತಡೆಯುವ ಉಪಾಯ ಮಾತ್ರ ಹಳೆಯದು. ನೀರು ಚಿಮ್ಮಿಸುತ್ತಾ ಕಲ್ಲು ಕೊರೆಯುವ ಯಂತ್ರ 19ನೇ ಶತಮಾನದ ಕೊನೆಗೇ ಬಂದಿತ್ತು. 1930ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸಿಲಿಕೋಸಿಸ್ ಕುರಿತೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ನಮ್ಮ 1948ರ ಕಾರ್ಖಾನೆ ಕಾಯ್ದೆ ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಟಿಎನ್‌ಎಫ್ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಮಾಡಬೇಕಾದದ್ದು ಗೊತ್ತಿತ್ತು. ಆದ್ದರಿಂದ ಕ್ರಷರ್ ಬಳಿಗೆ ಹೋದಾಗ ನಾವು ಕೇಳಬೇಕಾದ ಪ್ರಶ್ನೆಗಳು ಸರಳ: ಡ್ರಿಲ್ಲಿಗೆ ನೀರಿದೆಯೇ? ಎಕ್ಸ್‌ರೇ ತೆಗೆಸಿದ್ದಾರೆಯೇ? ಕ್ಷಯ ಎಂದು ಬರೆದ ಚೀಟಿಯ ಹಿಂದೆ ಕಲ್ಲಿನ ಧೂಳೂ ಇರಬಹುದೇ ಎಂದು ಯಾರಾದರೂ ನೋಡಿದ್ದಾರೆಯೇ?